ಕರಿ ನಾಲ್ಕರೊಳಗೊಂದು ಮಂಡಕ್ಕಿ

"ಸರ್, ನನಗೊಂದು ರೊಮ್ಯಾಂಟಿಕ್ ಬೇಕು. ಐದು ನಿಮಿಷ ಸಾಕು. ಜಾಸ್ತಿ ಫಾಸ್ಟ್ ಬೇಡ, ನನ್ನ ವಯಸ್ಸಿಗೆ ಆಗುವಂಥದ್ದು ಇದ್ದರೆ ಹೇಳಿ. ರಾತ್ರಿ ಮನೆಯಲ್ಲೇ ಪ್ರಾಕ್ಟೀಸ್ ಮಾಡ್ತೀನಿ."

ಕಳೆದ ಜನವರಿಯಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ನಾನು ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜು ಇದು. ಹೋಗಬೇಕಾಗಿದ್ದು ನನ್ನ ಪಿಯಾನೊ ಮೇಷ್ಟ್ರಿಗೆ. ಹೋಗಿದ್ದು ನಮ್ಮ ಮನೆತನದ ಗ್ರೂಪಿಗೆ. ಹರಿಹರದ ದೊಡ್ಡಪ್ಪನಿಂದ ಹಿಡಿದು ಕಳೆದ ಕಾರ್ತಿಕದಲ್ಲಿ ಸೊಸೆಯಾಗಿ ಬಂದ ಹುಡುಗಿಯವರೆಗೆ ಅದರಲ್ಲಿ 64 ಜನ ಇದ್ದಾರೆ.

ಗೊತ್ತಾದ ಕೂಡಲೇ ಅಳಿಸಿದೆ. ಅಳಿಸಬಾರದಿತ್ತು. ನೋಡದೇ ಇದ್ದವರೆಲ್ಲ ನೋಡಿದವರಿಗೆ ಫೋನ್ ಮಾಡಿ ಕೇಳಿಕೊಂಡರು. ದೊಡ್ಡಪ್ಪ ಮಾತ್ರ ಕಮಲದ ಹೂವಿನ ಮೇಲೆ ಶುಭರಾತ್ರಿ ಬರೆದ ಚಿತ್ರ ಹಾಕಿದರು. ಅವರು ಸಾವಿನ ಸುದ್ದಿಗೂ ಅದನ್ನೇ ಹಾಕುತ್ತಾರೆ. ಹತ್ತು ಗಂಟೆಗೆ ಹರಿಹರದ ಅತ್ತೆಯ ಫೋನು ಬಂತು, ನನಗಲ್ಲ, ನನ್ನ ಹೆಂಡತಿಗೆ. "ಮನೇಲಿ ಎಲ್ಲಾ ಸರಿ ಐತೇನಮ್ಮ?"

ನಮ್ಮನೆಯವಳು ಫೋನ್ ಇಟ್ಟು ಬಂದು ನನ್ನ ಎದುರು ಕೂತಳು. ರೊಮ್ಯಾಂಟಿಕ್ ಬಗ್ಗೆ ಒಂದು ಮಾತೂ ಎತ್ತಲಿಲ್ಲ. "ಅದಿರ್ಲಿ, ಆ ಸರ್ ಯಾರು?" ಅಂದಳು.

ಸರ್ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ವಯಸ್ಸು 26. ನನಗೆ 52. ಅವರು ನನಗೆ ಸರ್, ನಾನು ಅವರಿಗೆ ಸರ್. ವಾರಕ್ಕೊಮ್ಮೆ ಮನೆಗೇ ಬಂದು ಕಲಿಸುತ್ತಾರೆ, ಯಾಕಂದರೆ ವಿದ್ಯಾನಗರದ ಅವರ ಕ್ಲಾಸಿನಲ್ಲಿ ಉಳಿದವರೆಲ್ಲ ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುವವರು, ನಾನೊಬ್ಬ ಇದ್ದ ಹಲ್ಲು ಉಳಿಸಿಕೊಳ್ಳುತ್ತಿರುವವನು. ನಮ್ಮ ಅವ್ವನಿಗೆ ಇಬ್ಬರು ಸರ್‌ಗಳ ಗೊಂದಲವಿಲ್ಲ. ಅವರು "ಪಿಯಾನದ ಹುಡುಗ ಬಂತು ನೋಡು" ಅನ್ನುತ್ತಾರೆ.

ನನ್ನ ಕಸುಬು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವುದು. ಪಿಯಾನೊ ತಂದಿದ್ದು ಮಗಳಿಗೆ. ಕರೆಂಟಿನ ಪಿಯಾನೊ, ಆದರೆ ಪೂರಾ ಅಳತೆಯದ್ದು: 52 ಬಿಳಿ, 36 ಕರಿ, ಒಟ್ಟು 88. ತಾಳೆ ನೋಡಿದ್ದೇನೆ. ಎರಡು ವರ್ಷ ಕಲಿತು ಅವಳು ಪಿಯುಸಿ, ಸಿಇಟಿ ಅಂತ ಎದ್ದು ಹೋದಳು. ಪಿಯಾನೊ ಮೇಲೆ ಇಸ್ತ್ರಿ ಬಟ್ಟೆ ಬಂದು ಕೂತವು. ಕೊಟ್ಟ ದುಡ್ಡು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಒಂದಿನ ಬಟ್ಟೆ ಸರಿಸಿ ನಾನೇ ಕೂತೆ. ಆರು ವರ್ಷವಾಯ್ತು, ಇನ್ನೂ ಎದ್ದಿಲ್ಲ.

ಈ ಸಲ ಮೇಷ್ಟ್ರು ಏಪ್ರಿಲ್‌ನಲ್ಲಿ ರಿಸೈಟಲ್ ಇಟ್ಟುಕೊಂಡರು. ರಿಸೈಟಲ್ ಅಂದರೆ ಪಿಯಾನೊ ಕಛೇರಿ. 1840ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸ್ ಲಿಸ್ಟ್ ಎಂಬ ಮಹಾಶಯ ತನ್ನ ಕಛೇರಿಗೆ ಈ ಹೆಸರಿಟ್ಟಾಗ, ಪಿಯಾನೊ ಮೇಲೆ ಅದೆಂಥ ವಾಚನ ಮಾಡುತ್ತಾನೆ ಇವನು ಅಂತ ಅಲ್ಲಿಯವರೇ ತಲೆ ಕೆರೆದುಕೊಂಡರಂತೆ. ಹಾಗಾಗಿ ನಮ್ಮ ಮಂಡಿ ಹಮಾಲರು "ರಿಟೈರ್ಡ್ ಆಗ್ತೀರಂತೆ ಹೌದಾ?" ಅಂತ ಕೇಳಿದ್ದರಲ್ಲಿ ತಪ್ಪೇನಿಲ್ಲ.

ನನ್ನ ಪಾಲಿಗೆ 12 ನಿಮಿಷ. ಮೂರು ಪೀಸ್ ರೆಡಿ ಇದ್ದವು. 1722ರ ಬಾಕ್‌ನದೊಂದು ಸಿ ಮೇಜರ್ ಪ್ರೆಲ್ಯೂಡ್. ಬೀಥೋವನ್‌ನ ಒಂದು ಚಿಕ್ಕ ಸೊನಾಟಾದ ಮಿನುಯೆಟ್. ಬಾರ್ಟೋಕ್ ಮಕ್ಕಳಿಗೆ ಅಂತ ಬರೆದ ಹಂಗೇರಿಯ ಹಳ್ಳಿ ಹಾಡು. ಮೂರೂ ಸೇರಿ ಏಳು ನಿಮಿಷ. ಸಾಕಲ್ವಾ ಅಂದೆ.

"ಸಾಲಲ್ಲ ಸರ್," ಅಂದರು ಮೇಷ್ಟ್ರು. "ಬರೋಕ್ ಆಯ್ತು, ಕ್ಲಾಸಿಕಲ್ ಆಯ್ತು, ಇಪ್ಪತ್ತನೇ ಶತಮಾನವೂ ಆಯ್ತು. ನಡುವೆ ರೊಮ್ಯಾಂಟಿಕ್ ಇಲ್ಲ." ನನ್ನ ಮುಖ ನೋಡಿ ಅರ್ಥವಾಗಲಿಲ್ಲ ಅಂತ ಗೊತ್ತಾಯ್ತು. "ಈಗ ಬಾಕ್ ದೋಸೆ ಅಂತ ಇಟ್ಕೊಳ್ಳಿ. ಬೀಥೋವನ್ ಆಲೂಗಡ್ಡೆ ಪಲ್ಯ. ಬಾರ್ಟೋಕ್ ಖಾರದ ಚಟ್ನಿ. ಬೆಣ್ಣೆ ಎಲ್ಲಿ ಸರ್?"

ದಾವಣಗೆರೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಬೆಣ್ಣೆ ಹುಡುಕಲು ಹೊರಟೆ. ಅದರ ಮೊದಲ ಹೆಜ್ಜೆಯೇ ಆ ಮೆಸೇಜು.

ಹೆಂಡತಿಗೆ ಆ ರಾತ್ರಿಯೇ ವಿವರಿಸಿದೆ. ನೋಡು, ಇದು ಆ ರೊಮ್ಯಾಂಟಿಕ್ ಅಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪಿನ ಸಂಗೀತ. ಲೆಕ್ಕಕ್ಕಿಂತ ಮನಸ್ಸು ದೊಡ್ಡದು ಅಂದುಕೊಂಡವರದು. ರಾತ್ರಿ, ಕಾಡು, ಮಳೆ, ಬಿಟ್ಟು ಬಂದ ಊರು, ಸಾವು, ಎಲ್ಲಾ ಬರುತ್ತದೆ. ಪ್ರೀತಿಯೂ ಬರುತ್ತದೆ, ಆದರೆ ಅದೊಂದೇ ಅಲ್ಲ. ನಮ್ಮ ನವೋದಯದ ಕವಿಗಳಿಗೆ ಇಂಗ್ಲಿಷಿನಿಂದ ಬೀಸಿದ್ದೂ ಇದೇ ಗಾಳಿ.

"ಅಂದ್ರೆ ಕುವೆಂಪು ಥರ ಅನ್ರಿ."

"ಹೂಂ, ಹೆಚ್ಚೂಕಮ್ಮಿ."

"ಹಂಗಂತ ಗ್ರೂಪಲ್ಲಿ ಹಾಕ್ರಿ ಮತ್ತೆ."

ಹಾಕಲಿಲ್ಲ. ಯಾವ ಬಾಯಲ್ಲಿ ಹಾಕಲಿ?

ನಿಜ ಹೇಳಬೇಕೆಂದರೆ ನನಗೂ ರೊಮ್ಯಾಂಟಿಕ್ಕಿಗೂ ಮೊದಲಿಂದ ಅಷ್ಟಕ್ಕಷ್ಟೇ. ಲೆಕ್ಕ ಬರೆಯುವವನಿಗೆ ಬಾಕ್ ಹಿತ. ಎಡಗೈಲಿ ಜಮಾ, ಬಲಗೈಲಿ ಖರ್ಚು, ಕೊನೆಯ ಸಾಲಿಗೆ ತಾಳೆ. ಬೀಥೋವನ್ ನಡುವೆ ಒಂದಿಷ್ಟು ಜಗಳ ತೆಗೆದರೂ ವರ್ಷದ ಕೊನೆಗೆ ಬಾಕಿ ತೀರಿಸುತ್ತಾನೆ. ಈ ರೊಮ್ಯಾಂಟಿಕ್ ಮಂದಿ ಹಾಗಲ್ಲ. ಎಲ್ಲವನ್ನೂ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಕಿಟಕಿಯಾಚೆ ನೋಡುತ್ತಾ ಕೂತುಬಿಡುತ್ತಾರೆ.

ಮೊದಲು ನೋಡಿದ್ದು ಶೋಪ್ಯಾನ್‌ನ ನಾಕ್ಟರ್ನ್, ಒಂಬತ್ತನೇ ಓಪಸಿನ ಎರಡನೆಯದು. ಓಪಸ್ ಅಂದರೆ ಕೃತಿಯ ನಂಬರು. ಎಲ್ಲರಿಗೂ ಗೊತ್ತಿರುವ ಚಂದದ ರಾಗ. ಎರಡು ವಾರ ಕೂತೆ. ಆಮೇಲೆ ಮೇಷ್ಟ್ರು ನಾಲಿಗೆ ಕಚ್ಚಿಕೊಂಡು, ಅದನ್ನು ಆರನೇ ಕ್ಲಾಸಿನ ಹುಡುಗಿಯೊಬ್ಬಳು ಆಗಲೇ ತಗೊಂಡಿದ್ದಾಳೆ ಅಂದರು. ಅವಳು ನುಡಿಸಿದ ವಿಡಿಯೊ ತೋರಿಸಿದರು. ನೋಡಿ, ಬಿಟ್ಟುಬಿಟ್ಟೆ. ಅದೇ ಪೀಸು, ಅದೇ ಸಂಜೆ, ಅವಳ ನಂತರ ನಾನು. ಬೇಡಪ್ಪಾ.

ಎರಡನೆಯದು ಆ ಲಿಸ್ಟ್. ಅವನ ಲೀಬೆಸ್‌ಟ್ರೌಮ್, ಅಂದರೆ ಪ್ರೇಮದ ಕನಸು. ಇದು ನಿಜವಾಗಲೂ ಆ ರೊಮ್ಯಾಂಟಿಕ್ಕೇ. ರಾಗವೇನೋ ಎದೆಗೆ ನಾಟುತ್ತದೆ, ಆದರೆ ಅದರ ನಡುವೆ ಎರಡು ಕಡೆ ಸ್ವರಗಳ ಜಲಪಾತ ಬಿಟ್ಟಿದ್ದಾನೆ ಪುಣ್ಯಾತ್ಮ. ನನ್ನ ಬೆರಳು ಕ್ಯಾಲ್ಕುಲೇಟರಿನ ಮೇಲೆ ಕಣ್ಣು ಮುಚ್ಚಿದರೂ ಓಡುತ್ತವೆ. ಇಲ್ಲಿ ಕಣ್ಣು ತೆರೆದಿದ್ದರೂ ಎಡವುತ್ತವೆ. ಐದನೇ ದಿನ ಪುಸ್ತಕ ಮುಚ್ಚಿಟ್ಟೆ. ಆ ಸಂಜೆ ಮಂಡಿಪೇಟೆಗೆ ದಿನಸಿ ತರಲು ಹೋಗಬೇಕಿತ್ತು. ಹೊರಡುವಾಗ ಒಳಗಿನಿಂದ ಕೂಗಿದಳು:

"ರೀ, ಲಿಸ್ಟ್ ತಗೊಂಡ್ರಾ?"

"ಲಿಸ್ಟ್ ಬಿಟ್ಟುಬಿಟ್ಟೆ. ನನ್ನ ಕೈಲಿ ಆಗಲ್ಲ ಅದು."

"ಮತ್ತೆ ಹೆಂಗ್ರಿ?"

"ಬ್ರಾಮ್ಸ್ ನೋಡ್ತೀನಿ."

ಅದು ಹೊಸ ಅಂಗಡಿ ಇರಬೇಕು ಅಂತ ಅವಳು ಸುಮ್ಮನಾದಳು. ನಾನು ತಲೆ ತುಂಬಾ ಬ್ರಾಮ್ಸ್ ತುಂಬಿಕೊಂಡು ಬರಿಗೈಲಿ ಹೋಗಿ, ಜ್ಞಾಪಕವಿದ್ದಷ್ಟು ತಂದೆ. ಮೂರು ಕೆಜಿ ಶೇಂಗಾ ತಂದಿದ್ದೆ. ಬೇಕಾಗಿದ್ದು ತೊಗರಿಬೇಳೆ. ಆ ತಿಂಗಳು ನಮ್ಮನೆಯಲ್ಲಿ ಚಪಾತಿಗೂ ಶೇಂಗಾ ಚಟ್ನಿಪುಡಿ, ಮುದ್ದೆಗೂ ಶೇಂಗಾ ಚಟ್ನಿಪುಡಿ.

ಬ್ರಾಮ್ಸ್‌ನದು 118ನೇ ಓಪಸಿನ ಎರಡನೇ ಇಂಟರ್ಮೆಟ್ಸೊ. 1893ರಲ್ಲಿ ಬರೆದದ್ದು, ಅವನಿಗೆ ಅರವತ್ತು. ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೆ ಅರ್ಪಿಸಿದ. ಮೇಷ್ಟ್ರು ನುಡಿಸಿ ತೋರಿಸಿದಾಗ ನಾನು ಮಾತಾಡಲಿಲ್ಲ. ಯಾರೋ ಹಳೇ ಸ್ನೇಹಿತರು ಜಗಲಿ ಮೇಲೆ ಕೂತು ಹೇಳಬೇಕಾದ್ದನ್ನು ಹೇಳದೆ ಎದ್ದು ಹೋದ ಹಾಗೆ ಇತ್ತು. ಇದೇ ಬೇಕು ಅಂದೆ. ಅವ್ವ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು.

"ಯಾರದಪ ಇದು?"

"ಬ್ರಾಮ್ಸ್ ಬರ್ದಿದ್ದು ಅವ್ವ."

"ಬ್ರಹ್ಮ ಬರ್ದಿದ್ದಾ? ಹಂಗಾದ್ರೆ ತಪ್ಸಕ್ಕೆ ಯಾರ ಕೈಲಾಗ್ತೈತೆ ಬಿಡು."

ನನ್ನ ಕೈಲಾಗುತ್ತಿತ್ತು. ಪ್ರತಿ ಸಾಲಿನಲ್ಲೂ ತಪ್ಪಿಸುತ್ತಿದ್ದೆ. ಮೇಲಾಗಿ ಅದು ಆರು ನಿಮಿಷದ್ದು. ನನ್ನ ಕೈಯಲ್ಲಿ ಒಂಬತ್ತಾಗುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಚಿಂದೋಡಿ ಲೀಲಾ ಅವರ ಊರಲ್ಲವೇ ಇದು. ಈ ಹಿರಿಯರು ಕಂಪನಿ ನಾಟಕದ ಕಾಲದಲ್ಲಿ ಹಾರ್ಮೋನಿಯಂ ನುಡಿಸಿದವರು. ಕಂಪನಿ ಬಿಟ್ಟು ನಲವತ್ತು ವರ್ಷವಾದರೂ ಓಣಿಗೆಲ್ಲ ಈಗಲೂ ಪೇಟಿ ಮಾಸ್ತರು. ಗೋಡೆಯಾಚೆ ಇಷ್ಟು ದಿನ ಎಲ್ಲಾ ಕೇಳಿಸಿಕೊಂಡು ಸುಮ್ಮನಿದ್ದವರು ಒಂದು ಭಾನುವಾರ ಬಂದೇಬಿಟ್ಟರು. ಆ ಹೊತ್ತಿಗೆ ನನ್ನ ಮುಂದೆ ಮೆಂಡೆಲ್ಸನ್ ಇದ್ದ. ಅವನ 'ಮಾತಿಲ್ಲದ ಹಾಡುಗಳು' ಎಂಟು ಪುಸ್ತಕ, ಪುಸ್ತಕಕ್ಕೆ ಆರರಂತೆ 48. ಹೆಸರು ಕೇಳಿ ಮಾಸ್ತರು ಪೇಚಿಗೆ ಬಿದ್ದರು.

"ಮಾತಿಲ್ಲ ಅಂದ್ಮೇಲೆ ಹಾಡು ಹೆಂಗ್ರಿ? ಸನ್ನಿವೇಶ ಏನು? ನಾಯಕಿ ಎಲ್ಲಿ ನಿಂತಿರ್ತಾಳೆ?"

ನಾಯಕಿ ಇಲ್ಲ ಅಂದೆ. ಅವರಿಗೆ ನನ್ನ ಬಗ್ಗೆ ಮರುಕ ಬಂತು ಅಂತ ಕಾಣುತ್ತದೆ. ಬೆನ್ನು ತಟ್ಟಿ ಚಹಾ ಕುಡಿದು ಹೋದರು. ಅವರು ಹೋದ ಮೇಲೆ ಎಷ್ಟು ಸಲ ನುಡಿಸಿದರೂ ನಾಯಕಿ ಎಲ್ಲಿ ನಿಂತಿರಬಹುದು ಅನ್ನುವುದೇ ತಲೆಗೆ ಬರುತ್ತಿತ್ತು. ಮೆಂಡೆಲ್ಸನ್ ಹಾಗೆ ಹೋದ.

ಆ ಕ್ಲಾರಾಳ ಗಂಡ ಶೂಮನ್ ಎರಡೂವರೆ ನಿಮಿಷಕ್ಕೇ ಮುಗಿಯುತ್ತಾನೆ ಅಂತ ಹೋದ. ಶುಬರ್ಟ್ ಯಾಕೆ ಹೋದ ಅಂತ ಈಗ ನೆನಪಿಲ್ಲ.

ಕಡೆಗೆ ಉಳಿದದ್ದು ಶೋಪ್ಯಾನ್‌ನದೇ ಇನ್ನೊಂದು. 28ನೇ ಓಪಸಿನ 15ನೇ ಪ್ರೆಲ್ಯೂಡ್, ಡಿ ಫ್ಲಾಟ್ ಮೇಜರ್. ಜನ ಇದನ್ನು 'ಮಳೆ ಹನಿ' ಅನ್ನುತ್ತಾರೆ. ಐದು ನಿಮಿಷ ಚಿಲ್ಲರೆ. ನಿಧಾನ. ಮೇಲೆ ಒಂದು ಸಮಾಧಾನದ ರಾಗ, ಕೆಳಗೆ ಒಂದೇ ಸ್ವರ ಟಪ್ ಟಪ್ ಟಪ್ ಅಂತ ಹನಿಯುತ್ತಿರುತ್ತದೆ. ಮೊದಲಿಂದ ಕೊನೆಯವರೆಗೆ ಹೆಚ್ಚೂಕಡಿಮೆ ಅದೇ ಹನಿ. ಎಷ್ಟು ಹನಿ ಅಂತ ಎಣಿಸಲು ಹೊರಟು ಮೂರು ಸಲ ಮೂರು ಮೊತ್ತ ಬಂದು ಕೈಬಿಟ್ಟೆ.

ಆ ಸ್ವರ ಎ ಫ್ಲಾಟ್. ನಡುವಿನ ಭಾಗದಲ್ಲಿ ಮೋಡ ಕಟ್ಟಿ ಕತ್ತಲಾಗುತ್ತದಲ್ಲ, ಅಲ್ಲಿ ಅದಕ್ಕೇ ಜಿ ಶಾರ್ಪ್ ಅಂತ ಹೆಸರು. ಕೀ ಮಾತ್ರ ಅದೇ. ನಮ್ಮೂರ ಸರ್ಕಲ್‌ಗಳ ಹಾಗೆ, ಬೋರ್ಡಿನ ಮೇಲೆ ಒಂದು, ಆಟೋದವರ ಬಾಯಲ್ಲಿ ಇನ್ನೊಂದು. ಪೇಟಿ ಮಾಸ್ತರನ್ನು ಕೇಳಿದರೆ ಅವರು ಎರಡನ್ನೂ ಒಪ್ಪಲಿಲ್ಲ. "ಅದು ಕರಿ ನಾಲ್ಕು," ಅಂದರು, ಕೇಸು ಮುಗಿಯಿತು ಅನ್ನುವ ಹಾಗೆ. ಹಾರ್ಮೋನಿಯಂನವರ ಲೆಕ್ಕದಲ್ಲಿ ನಾಲ್ಕನೇ ಕರಿ ಕೀ.

ಪೀಸ್ ಆರಿಸಿದ್ದೇ ತಡ, ರಾತ್ರಿ ಮಂಡಿಯಿಂದ ಬಂದು ಕೂತೆ. ಫೆಬ್ರವರಿ ಕೊನೆ. ನಮ್ಮ ಓಣಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಬರುವ ದಿನ ಹೊತ್ತು ಗೊತ್ತಿಲ್ಲ. ಹಾಗಾಗಿ ಅವ್ವ ನಲ್ಲಿ ಕೆಳಗೆ ಖಾಲಿ ಬಿಂದಿಗೆ ಇಟ್ಟು ಅರೆನಿದ್ದೆಯಲ್ಲಿ ಮಲಗುತ್ತಾರೆ. ಮೊದಲ ಹನಿ ಬಿಂದಿಗೆಯ ತಳಕ್ಕೆ ಬಿದ್ದ ಸದ್ದಿಗೇ ಎದ್ದುಬಿಡುತ್ತಾರೆ. ನಾನು ನಾಲ್ಕನೇ ಸಾಲಿಗೆ ಬಂದಿರಬೇಕು, ಹಿತ್ತಲಲ್ಲಿ ದಬದಬ ಸದ್ದಾಯಿತು. ಬಿಂದಿಗೆ, ಕೊಡಪಾನ, ಬಕೆಟ್, ಹಂಡೆ ಎಲ್ಲಾ ಸಾಲಾಗಿ ಬಂದವು. "ನೀರು ಬಂತು ಏಳ್ರೋ!" ಹೆಂಡತಿ ಎದ್ದಳು. ಗೋಡೆಯಾಚೆ ಮಾಸ್ತರ ಮನೆಯಲ್ಲೂ ಲೈಟ್ ಹತ್ತಿತು. ಅವ್ವ ನಲ್ಲಿ ತಿರುವಿ, ಕಿವಿ ಹಚ್ಚಿ, ಒಣ ಗಾಳಿ ಕೇಳಿಸಿಕೊಂಡು, ಒಳಗೆ ಬಂದು ನನ್ನ ಬೆರಳನ್ನು ಸ್ವಲ್ಪ ಹೊತ್ತು ನೋಡಿದರು.

"ನೀನಾ?" ಅಂದರು. ಅಷ್ಟೇ ಅಂದಿದ್ದು.

ಶೋಪ್ಯಾನ್ ಕೂಡ ಮಳೆ ಹನಿ ಅಂದಿದ್ದಕ್ಕೆ ಸಿಟ್ಟಾಗಿದ್ದನಂತೆ. ಆ ಹೆಸರು ಅವನು ಇಟ್ಟಿದ್ದಲ್ಲ. 1838ರ ಚಳಿಗಾಲ ಅವನು, ಲೇಖಕಿ ಜಾರ್ಜ್ ಸ್ಯಾಂಡ್, ಅವಳ ಇಬ್ಬರು ಮಕ್ಕಳು ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿ ಒಂದು ಹಳೇ ಮಠದಲ್ಲಿ ಉಳಿದಿದ್ದರು. ಬಿಸಿಲು ಹುಡುಕಿಕೊಂಡು ಹೋದವರಿಗೆ ಮಳೆ ಹಿಡಿಯಿತು. ಮಠದ ಮೇಲೆ ಮಳೆ ಬೀಳುವುದು ಈ ಸ್ವರದಲ್ಲಿ ಕೇಳುತ್ತದೆ ಅಂತ ಅವಳು ಅಂದಾಗ, ಅನುಕರಣೆ ಅಂತೀಯಾ ಅಂತ ಅವನು ರೇಗಿದ ಅಂತ ಅವಳೇ ಬರೆದಿದ್ದಾಳೆ. ಅವನಿಗೆ ಹಾಗೆ. ನನ್ನ ಅವ್ವ ನಿಜವಾದ ನೀರೇ ಅಂದುಕೊಂಡರಲ್ಲ, ನನಗೆ ಒಳಗೊಳಗೇ ಹೆಮ್ಮೆಯಾಯ್ತು.

ಆ ಹೆಮ್ಮೆ ನಾಲ್ಕು ದಿನ ಇತ್ತು.

ಐದನೇ ದಿನ ಭಾಮೈದ ಬಂದಿದ್ದ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಭಾಮೈದ ಬಂದರೆ ಸಂಜೆ ಏನು ಅಂತ ಕೇಳುವ ಹಾಗೇ ಇಲ್ಲ. ಪೇಪರ್ ಹಾಸಿ ಖಾರ ಮಂಡಕ್ಕಿ ಸುರಿದು, ಪಕ್ಕಕ್ಕೆ ಮಿರ್ಚಿ ಇಟ್ಟುಕೊಂಡು ಕೂತೆವು. ಜಾಗವಿಲ್ಲದ್ದಕ್ಕೆ ಪೇಪರಿನ ಒಂದು ತುದಿ ಪಿಯಾನೊ ಮೇಲಿತ್ತು. "ಇರುವೆ ಬರ್ತಾವೆ, ಅಲ್ಲಿ ಬೇಡ," ಅಂತ ಹೆಂಡತಿ ಹೇಳಿದಳು. ಹೇಳಿದಳು ಅನ್ನುವುದನ್ನು ಇಲ್ಲೇ ದಾಖಲಿಸಿಬಿಡುತ್ತೇನೆ. ಭಾಮೈದ "ಮಾವ, ಆ ರೊಮ್ಯಾಂಟಿಕ್ ನುಡಿಸ್ರಿ ನೋಡಾಣ" ಅಂದ. ಗ್ರೂಪಿನಲ್ಲಿ ಅವನಿಲ್ಲ, ಅಂದರೂ ಗೊತ್ತಿತ್ತು. ಎಣ್ಣೆ ಕೈ ಲುಂಗಿಗೆ ಒರೆಸಿ ಶುರು ಮಾಡಿದೆ.

ಟಪ್ ಟಪ್ ಟಪ್. ಆಮೇಲೆ ಟಪ್. ಆಮೇಲೆ ಇಲ್ಲ.

ಕರಿ ನಾಲ್ಕು ಒತ್ತಿದರೆ ಒಳಗೆ ಏನೋ ಮೆತ್ತಗೆ ಕಚಕ್ ಅನ್ನುತ್ತಿತ್ತು. ಅರ್ಧ ಇಳಿದು ನಿಲ್ಲುತ್ತಿತ್ತು. ಬಿಟ್ಟರೆ, ಮಧ್ಯಾಹ್ನ ಊಟವಾದ ಮೇಲೆ ಎದ್ದ ಗುಮಾಸ್ತನ ಹಾಗೆ ನಿಧಾನಕ್ಕೆ ಮೇಲೆ ಬರುತ್ತಿತ್ತು. ಟಾರ್ಚ್ ಹಾಕಿ ಇಣುಕಿದೆ. ಕರಿ ಕೀಯ ಬುಡದ ಸಂದಿನಲ್ಲಿ, ಕೈಗೆ ಸಿಗದಷ್ಟು ಒಳಗೆ, ಒಂದು ಮಂಡಕ್ಕಿ. ಅರಿಶಿನ ಹತ್ತಿದ್ದು. ಒಂದು ಕಡೆ ಮೆಣಸಿನಕಾಯಿ ಬೀಜ ಅಂಟಿಕೊಂಡಿತ್ತು. ಸಾಸಿವೆ ಇರಲಿಲ್ಲ, ಪುಣ್ಯ.

88 ಕೀಗಳಲ್ಲಿ ಉಳಿದ 87ರಲ್ಲಿ ಎಲ್ಲಿ ಬಿದ್ದಿದ್ದರೂ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈ ಪೀಸಿನಲ್ಲಿ ಬಿಡುವಿಲ್ಲದೆ ದುಡಿಯುವುದು ಒಂದೇ ಕೀ. ಮಂಡಕ್ಕಿ ಬಿದ್ದಿದ್ದೂ ಅದರೊಳಗೇ.

ಹೇರ್‌ಪಿನ್ ಹಾಕಿದೆ, ಇನ್ನೂ ಒಳಗೆ ಹೋಯ್ತು. ಊದುಬತ್ತಿ ಕಡ್ಡಿ ಹಾಕಿದೆ, ಕಡ್ಡಿ ಮುರಿಯಿತು. ಮಂಡಿಯಿಂದ ಧೂಳು ಊದುವ ಬ್ಲೋವರ್ ತಂದು ಊದಿಸಿದೆ. ಹಳೇ ರಬ್ಬರ್ ಚೂರು ಬಂತು, ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಕಳೆದ ನನ್ನ ಹೆಂಡತಿಯ ಓಲೆಯ ತಿರುಪು ಬಂತು. ಆ ತಿರುಪಿಗಾಗಿ ಅವತ್ತು ಕೆಲಸದವಳನ್ನು ಅನುಮಾನಿಸಿದ್ದೆವಲ್ಲ ಅಂತ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಮಂಡಕ್ಕಿ ಬರಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿದರೆ, ಪೂರ್ತಿ ಬಿಚ್ಚಬೇಕು ಸರ್, ತಗೊಂಡು ಬನ್ನಿ ಅಂದರು. ಹತ್ತಿರ ಹತ್ತಿರ 260 ಕಿಲೋಮೀಟರ್, ಒಂದು ಮಂಡಕ್ಕಿಗೋಸ್ಕರ.

ಮೇಷ್ಟ್ರು ಬಂದು ಒತ್ತಿ ನೋಡಿದರು. "ಸದ್ಯಕ್ಕೆ ಆ ಎ ಫ್ಲಾಟ್ ಒಂದನ್ನು ಗಟ್ಟಿಯಾಗಿ ಒತ್ತಿ ಸರ್. ಉಳಿದಿದ್ದು ಮೆತ್ತಗೆ." ಅದನ್ನೇ ಮಾಡಿದೆ. ಮಾರ್ಚ್ ಪೂರ್ತಿ, ಏಪ್ರಿಲ್ ಅರ್ಧ. ನಾಲ್ಕು ಬೆರಳು ಹೂವು ಮುಟ್ಟಿದ ಹಾಗೆ, ಒಂದು ಬೆರಳು ಮೊಳೆ ಹೊಡೆದ ಹಾಗೆ. ಆ ಬೆರಳಿಗೆ ಬೇರೆಯೇ ತೋಳ್ಬಲ ಬಂತು. ಕೇಳುವುದಕ್ಕೆ ಮಾತ್ರ ಎಲ್ಲಾ ಸಮನಾಗಿ, ಹದವಾಗಿತ್ತು. ಅವ್ವನೂ ಒಪ್ಪಿದರು. "ಈಗ ಸಣ್ಣಗೆ ತೊಟಕ್ತೈತೆ ನೋಡು, ಹಿಂಗಿರ್ಬೇಕು."

ನನಗೆ ಧೈರ್ಯ ಕೊಟ್ಟಿದ್ದು ಶೋಪ್ಯಾನ್‌ನ ಪಾಡು. ಮಯೋರ್ಕಾದಲ್ಲಿ ಅವನಿಗೂ ಸರಿಯಾದ ಪಿಯಾನೊ ಇರಲಿಲ್ಲ. ಪ್ಯಾರಿಸ್ಸಿನಿಂದ ಪ್ಲೆಯೆಲ್ ಕಂಪನಿಯದು ಹೊರಟಿತ್ತು, ಬಂದರಿನಲ್ಲಿ ಸುಂಕದವರು ಹಿಡಿದುಕೊಂಡರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಅಂತ ನಮಗೆ ಗೊತ್ತು, ಪಾಪ ಅವನಿಗೆ ಗೊತ್ತಿರಲಿಲ್ಲ. ಕೈಗೆ ಸಿಕ್ಕಾಗ 1839ರ ಜನವರಿ, ಫೆಬ್ರವರಿಯಲ್ಲಿ ಅವರು ಊರೇ ಬಿಟ್ಟರು. ಅಲ್ಲಿಯವರೆಗೆ ಆ ಊರಿನ ಒಂದು ಬಡ ಪಿಯಾನೊದಲ್ಲೇ ಕೆಲಸ ಸಾಗಿಸಿದ. ಅದರ ಸಂದಿಯಲ್ಲಿ ಅಲ್ಲಿಯ ಜನ ಸಂಜೆಗೆ ತಿನ್ನುವುದು ಏನು ಸಿಕ್ಕಿಕೊಂಡಿತ್ತೋ ಯಾರು ಬಲ್ಲರು.

ರಿಸೈಟಲ್ ದಿನ ಬಿಸಿಲು ಅಂದರೆ ಬಿಸಿಲು. ಸಂಜೆ ಆರಾದರೂ ಹಾಲಿನ ಕುರ್ಚಿಗಳು ಬಿಸಿ ಇದ್ದವು. ಮಕ್ಕಳ ಅಪ್ಪ ಅಮ್ಮಂದಿರು ಬಂದಿದ್ದರು. ನನ್ನ ಕಡೆಯಿಂದ ಹನ್ನೊಂದು ಜನ. ಕರೆದಿದ್ದು ನಾಲ್ವರನ್ನು. ಹರಿಹರದ ಅತ್ತೆ ಎರಡನೇ ಸಾಲಿನಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಅದೇನದು ರೊಮ್ಯಾಂಟಿಕ್ಕು ನೋಡೇ ಬಿಡಾಣ ಅಂತ ಬಂದೆ" ಅಂದರು. ಪೇಟಿ ಮಾಸ್ತರು ಇಸ್ತ್ರಿ ಜುಬ್ಬಾದಲ್ಲಿ ಮೊದಲ ಸಾಲು.

ಕ್ಲಾಸಿನ ಹೊಸ ಪಿಯಾನೊ. ಬಾಕ್ ತಾಳೆಯಾದ. ಬೀಥೋವನ್ ಒಂದು ಕಡೆ ಎರಡು ರೂಪಾಯಿ ಹೆಚ್ಚುಕಮ್ಮಿ, ಯಾರೂ ಆಡಿಟ್ ಮಾಡಲಿಲ್ಲ. ಆಮೇಲೆ ನಿರೂಪಣೆಯ ಹುಡುಗಿ ಚೀಟಿ ನೋಡಿ, "ಈಗ ಅಂಕಲ್ ಅವರಿಂದ ಚಾಪಿನ್ ಅವರ ರೊಮ್ಯಾಂಟಿಕ್" ಅಂದಳು. ಎರಡನೇ ಸಾಲಿನಲ್ಲಿ ಸೀರೆಗಳ ಸರಬರ.

ಕಣ್ಣು ಮುಚ್ಚಿಕೊಂಡೆ. ಬಲಗೈ ರಾಗ ಎತ್ತಿತು, ಹೂವಿನ ಹಾಗೆ. ಎಡಗೈಯ ಆ ಬೆರಳು ಒಂದೂವರೆ ತಿಂಗಳಿಂದ ಕಲಿತದ್ದನ್ನು ಮಾಡಿತು.

ಟಣ್!

ಮಂಡಕ್ಕಿ ಇಲ್ಲದ ಎ ಫ್ಲಾಟ್ ಹೇಗಿರುತ್ತದೆ ಅಂತ ನಾನು ಮರೆತೇಬಿಟ್ಟಿದ್ದೆ. ಹಾಲು ನಡುಗಿತು. ಯಾರದೋ ಕಂಕುಳಲ್ಲಿ ಮಲಗಿದ್ದ ಕೂಸು ಎದ್ದಿತು. ಟಣ್ ಟಣ್ ಟಣ್. ನಿಲ್ಲಿಸಲು ಬರುವುದಿಲ್ಲ, ಈ ಪೀಸಿನ ಗುಣವೇ ಅದು, ನಿಲ್ಲುವ ಸ್ವರವಲ್ಲ. ಬೆರಳಿಗೆ ಮೆತ್ತಗೆ, ಮೆತ್ತಗೆ ಅಂತ ಹೇಳುತ್ತಿದ್ದೇನೆ, ಅದು ನನ್ನ ಮಾತೇ ಕೇಳುತ್ತಿಲ್ಲ. ಮೇಲೆ ಸಮಾಧಾನದ ರಾಗ, ಕೆಳಗೆ ಗುಡಿಯ ಗಂಟೆ. ಮೇಷ್ಟ್ರು ಪರದೆ ಪಕ್ಕ ನಿಂತು ಹಣೆ ಉಜ್ಜಿಕೊಳ್ಳುತ್ತಿದ್ದರು. ನಡುವಿನ ಕತ್ತಲ ಭಾಗ ಬಂದಾಗ ಒಂದಿಷ್ಟು ಉಸಿರು ಬಂತು, ಅಲ್ಲಿ ಹೇಗೂ ಗುಡುಗಬೇಕು. ಗುಡುಗಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನುಡಿಸಿಲ್ಲ. ಮತ್ತೆ ತಿಳಿಯಾಗುವ ಕಡೆ ಭಯಬಿದ್ದು ಬೆರಳನ್ನು ಎಷ್ಟು ಹಗುರ ಮಾಡಿದೆ ಅಂದರೆ ಹನಿ ಬೀಳಲೇ ಇಲ್ಲ. ರಾಗ ಒಂದೇ ಒಣಗಿಕೊಂಡು ಕೊನೆ ಮುಟ್ಟಿತು.

ಬಾರ್ಟೋಕ್ ನುಡಿಸಿದ್ದು ನೆನಪಿಲ್ಲ. ಚಪ್ಪಾಳೆ ಬಂತು.

ಹೊರಗೆ ಮಾಸ್ತರು ಕೈ ಹಿಡಿದುಕೊಂಡರು. "ನಡುವಿನ ಮಳೆ ಭೇಷಿತ್ರಿ. ಮೊದಲು ಬಿದ್ದ ಆಲಿಕಲ್ಲು ಒಂದಿಷ್ಟು ಜಾಸ್ತಿ ಆತು." ಅವ್ವ ಅವರ ಪಕ್ಕದಲ್ಲೇ ಇದ್ದರು. "ಕೊನೀಗೆ ಯಾರೋ ನಲ್ಲಿ ಬಂದ್ ಮಾಡಿದ್ರು ನೋಡಿ, ಆಗ ಚಲೋ ಆತು," ಅಂದರು. ಹರಿಹರದ ಅತ್ತೆ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ, ಇಬ್ಬರೂ ನನ್ನನ್ನು ನೋಡಿ ನಕ್ಕರು. ಏನು ಅಂತ ಕೇಳಿದ್ದಕ್ಕೆ ಇವತ್ತಿನವರೆಗೆ ಹೇಳಿಲ್ಲ. ಮೇಷ್ಟ್ರು ಏನೂ ಅನ್ನದೆ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದರು. ನನ್ನ ದೋಸೆಗೆ ಎರಡು ಸಲ ಬೆಣ್ಣೆ ಹಾಕಿಸಿದರು.

ಮೂರನೇ ದಿನ ಬೆಳಿಗ್ಗೆ ಹೆಂಡತಿ ಕರೆದಳು. ದನಿಯಲ್ಲೇ ಗೊತ್ತಾಯಿತು, ಹೇಳಿದ ಮಾತು ನಿಜವಾದವರ ದನಿ ಅದು. ಪಿಯಾನೊ ಕಾಲಿನಿಂದ ಮೇಲಕ್ಕೆ ಕೆಂಪಿರುವೆಯ ಸಾಲು ಹತ್ತುತ್ತಿತ್ತು, ಪಕ್ಕದಲ್ಲೇ ಇನ್ನೊಂದು ಸಾಲು ಇಳಿಯುತ್ತಿತ್ತು. ಬಗ್ಗಿ ನೋಡಿದೆ. ಇಳಿಯುವವರ ಬಾಯಲ್ಲಿ ಹಳದಿ ಪುಡಿ. ಒಂದು ದಪ್ಪ ಇರುವೆ ಆ ಮೆಣಸಿನ ಬೀಜವನ್ನು ಹೊತ್ತು ಹಿಂದೆ ಹಿಂದೆ ಸರಿಯುತ್ತಿತ್ತು. ಕರಿ ನಾಲ್ಕನ್ನು ಮೆಲ್ಲಗೆ ಒತ್ತಿದೆ. ಮುಕ್ಕಾಲು ಇಳಿಯಿತು.

ಅವಳು ಇರುವೆ ಚಾಕ್‌ಪೀಸ್ ತಂದು ಗೆರೆ ಎಳೆಯಲು ಬಗ್ಗಿದಳು. ನಾನು ಕೈ ಹಿಡಿದುಕೊಂಡೆ.

"ತಡಿಯೇ. ಇನ್ನೂ ಸ್ವಲ್ಪ ಬಾಕಿ ಐತೆ."